ಕೂದಲು ಅದ್ದಿದ ನೀರು

ನಮ್ಮ ಓಣಿಗೆ ಆರೋಗ್ಯ ಕಲಿಸಲು ಬಂದವನಿಗೆ ನಾವಿಟ್ಟ ಹೆಸರು ಪೀಪಿ ಮೇಷ್ಟ್ರು. ಅವನಿಗೆ ಬಹುವಚನ ಕೊಡಲು ನನಗೆ ಮನಸ್ಸಿಲ್ಲ. ಬಂದ ದಿನವೇ ಎಲ್ಲರನ್ನೂ ಹಿಂಡು ಕಟ್ಟಿಕೊಂಡು ಓಣಿಯ ಕೊನೆಯ ಗೋಡೆಯ ಹಿಂದೆ ಕರೆದೊಯ್ದು, ಅಲ್ಲಿದ್ದ ಹೇಲನ್ನು ಕಡ್ಡಿಯಲ್ಲಿ ತೋರಿಸಿದ. ತಲೆಯಿಂದ ಒಂದು ಕೂದಲು ಕಿತ್ತು, ಅದಕ್ಕೆ ತಾಗಿಸಿ, ಗಾಜಿನ ಲೋಟದ ನೀರಿಗೆ ಅದ್ದಿದ.

"ಯಾರು ಕುಡೀತೀರಿ?"

ಥೂ ಎಂದು ಎಲ್ಲರೂ ಮೂಗು ಮುಚ್ಚಿಕೊಂಡೆವು. ಅವನ ಮುಖ ಅರಳಿತು. "ನೊಣದ ಕಾಲಿಗೂ ಹೀಗೇ ಅಂಟತ್ತೆ. ದಿನಾ ನಿಮ್ಮ ತಟ್ಟೇಲಿ ಇರೋದು ಇದೇ. ಈ ಅಸಹ್ಯಾನೇ ನಿಮ್ಮನ್ನ ಒಗ್ಗೂಡಿಸೋದು" ಎಂದ. ಮಾತು ಸುಳ್ಳಲ್ಲ.

ಆದರೆ ಗೋಡೆಯ ಹಿಂದಿನ ಆ ಹೇಲು ಯಾರದೆಂದು ಓಣಿಗೆಲ್ಲ ಗೊತ್ತಿತ್ತು. ಅಲ್ಲಿ ಸಿಮೆಂಟ್ ಬ್ಲಾಕುಗಳನ್ನು ಎತ್ತರಕ್ಕೆ ಜೋಡಿಸಿಕೊಂಡು ಕೂರುತ್ತಿದ್ದವರು ನಮ್ಮ ಮಾವ. ಓಣಿಯ ಬೀಗಗಳನ್ನೆಲ್ಲ ರಿಪೇರಿ ಮಾಡಿ ಬದುಕಿದ ಮನುಷ್ಯ, ಈಗ ಮಂಡಿ ಮಡಿಸಲಾರರು. ಸಾರ್ವಜನಿಕ ಕಕ್ಕಸು ಮೆಟ್ಟಿಲ ಮೇಲಿದೆ. ಹೇಗೋ ಹತ್ತಿದರೂ ಅಲ್ಲಿ ಕುಕ್ಕರಗಾಲಲ್ಲೇ ಕೂರಬೇಕು. ಮನೆಯಲ್ಲೇ ಬಕೆಟ್ ಇಡುತ್ತೇನೆಂದರೆ, "ಸೊಸೆ ಕೈಲಿ ಅದನ್ನ ಎತ್ತಿಸೋದಾ? ಬೇಡಮ್ಮ" ಎಂದು ಮುಖ ತಿರುಗಿಸುತ್ತಿದ್ದರು.

ನಾನು ಮೇಷ್ಟ್ರನ್ನೇ ಕೇಳಿದೆ. "ಸರ್, ಕೆಳಗಡೆ ಒಂದು ಕೂರೋ ಕಮೋಡು, ಹಿಡ್ಕೊಳ್ಳೋಕೆ ಒಂದು ಕಂಬಿ ಹಾಕಿಸಿಕೊಡಿ. ಅಷ್ಟೇ ಸಾಕು."

"ಮೊದಲು ಮನಸ್ಸು ಬದಲಾಗ್ಬೇಕಮ್ಮ. ಸಾಮಾನು ಆಮೇಲೆ."

ಮನಸ್ಸು ಬದಲಾದರೆ ಮಂಡಿ ಬಾಗುತ್ತದೆಯೇ ಎಂದು ಕೇಳುವಷ್ಟರಲ್ಲಿ ಅವನು, ಬಯಲಲ್ಲಿ ಕೂತವರನ್ನು ಕಂಡರೆ ಊದಿ ಎಂದು ಪೀಪಿ ಹಂಚಲು ಹೋಗಿದ್ದ.

ಪೀಪಿ ಕೊರಳಿಗೆ ಬಿದ್ದದ್ದೇ ತಡ, ಇಸ್ತ್ರಿ ಅಂಗಡಿ ಅಕ್ಕನಿಗೆ ಕೋಡು ಮೂಡಿತು. ಮಾರನೆಯ ಬೆಳಗ್ಗೆ ಮಾವ ಗೋಡೆ ಹಿಡಿದುಕೊಂಡು ಹೋಗಿ ಕೂತಿದ್ದರು. ಅವರು ಏಳುವ ಮೊದಲೇ ಊದಿದಳು. ಉಳಿದವರೂ ಊದಿದರು, ನಗು ಬೇರೆ, ಚಪ್ಪಾಳೆ ಬೇರೆ. ಮಾವ ಗಾಬರಿಯಲ್ಲಿ ಬಟ್ಟೆ ಎಳೆದುಕೊಳ್ಳಲು ಹೋಗಿ ಬಿದ್ದರು, ಅದರ ಮೇಲೆಯೇ. ತೊಳೆದವಳು ನಾನು. ಆ ನಾತಕ್ಕಿಂತ ಆ ನಗು ಹೇಸಿಗೆಯಾಯಿತು.

ಅಂದಿನಿಂದ ಮಾವ ನೀರು ಕುಡಿಯುವುದನ್ನೇ ಬಿಟ್ಟರು. ಕುಡಿದರೆ ತಾನೆ ಹೋಗಬೇಕು? ಊಟವೂ ಒಂದೆರಡು ತುತ್ತಿಗೆ ನಿಂತಿತು. ತುಟಿ ಒಡೆಯಿತು. ಡಾಕ್ಟರು ಅವರ ಕೈಯ ಚರ್ಮ ಚಿವುಟಿ ನೋಡಿ, "ನೀರು ಒಳಗೆ ಹೋಗ್ದಿದ್ರೆ ಕಿಡ್ನಿ ಕೈಕೊಡತ್ತೆ. ಆಮೇಲೆ ನನ್ನ ಕೈಲೂ ಏನೂ ಆಗಲ್ಲ" ಎಂದರು. ಬೇಡಿಕೊಂಡೆ, ಬೈದೆ, ಗೋಳಾಡಿದೆ. ಲೋಟ ಕಂಡರೆ ಸಾಕು, ಮಾವ ಗೋಡೆಯ ಕಡೆ ಹೊರಳುತ್ತಿದ್ದರು.

ಅದೇ ವಾರ ಓಣಿ ಸ್ವಚ್ಛವಾಯಿತೆಂದು ಸಾರಲು ದೊಡ್ಡವರು ಬಂದರು. ಸ್ವಚ್ಛವಾದದ್ದೇನೋ ನಿಜ. ಗೋಡೆಯ ಹಿಂದೆ ಏನೂ ಇರಲಿಲ್ಲ, ಮಾವನ ಹೊಟ್ಟೆಯಲ್ಲೂ ಏನೂ ಇರಲಿಲ್ಲ. ಕುರ್ಚಿಗಳನ್ನು ನಮ್ಮ ಬಾಗಿಲ ಮುಂದೆಯೇ ಹಾಕಿದ್ದರು. ಒಳಗೆ ಸೆಕೆಯೆಂದು ಮಾವನನ್ನು ಹೊಸ್ತಿಲ ಪಕ್ಕ ಕೂರಿಸಿದ್ದೆ.

ಅತಿಥಿಗಳಿಗೆ ತೋರಿಸಲೆಂದು ಅವನು ಮತ್ತೆ ಲೋಟ ಹಿಡಿದ. ಡಬ್ಬಿಯೊಂದರಿಂದ ಏನನ್ನೋ ಕೂದಲಿಗೆ ಸವರಿ ಅದ್ದಿ, "ಯಾರು ಕುಡೀತೀರಿ? ಯಾರು?" ಎನ್ನುತ್ತ ಸಾಲಿನುದ್ದಕ್ಕೂ ಬಂದ. ಥೂ, ಥೂ ಎಂದು ಸಾಲು ಹಿಂದೆ ಸರಿಯಿತು.

ಮಾವ ಕೈ ಚಾಚಿದರು. "ಕೊಡಿ ಸರ್. ತಪ್ಪು ನಂದು. ನಾನೇ ಕುಡೀತೀನಿ."

ನಾನು ಓಡಿ ಬರುವಷ್ಟರಲ್ಲಿ ಅರ್ಧ ಲೋಟ ಖಾಲಿಯಾಗಿತ್ತು. ಪೀಪಿ ಮೇಷ್ಟ್ರು ಬೆವೆತುಹೋದ.

"ಅಯ್ಯೋ, ಹೆದರ್ಬೇಡಿ! ಡಬ್ಬೀಲಿರೋದು ಮಣ್ಣು. ಕೂದಲಿಗೆ ನಾನು ಯಾವತ್ತೂ ಏನೂ ತಾಗಿಸಲ್ಲ, ತಾಗಿಸಿದ ಹಾಗೆ ಮಾಡ್ತೀನಿ ಅಷ್ಟೇ, ಸುಮ್ನೆ ತೋರಿಸೋಕೆ. ಒಳ್ಳೇ ನೀರೇ ಅದು!"

"ಒಳ್ಳೇ ನೀರಾ? ಹಾಗಾದ್ರೆ ಉಳಿದಿದ್ದು ನೀವು ಕುಡೀರಿ" ಎಂದು ಲೋಟವನ್ನು ಅವನ ಮೂಗಿನ ಹತ್ತಿರ ಹಿಡಿದೆ.

ಅಂಚಿನಲ್ಲಿ ಮಾವನ ತುಟಿಯ ರಕ್ತವಿತ್ತು, ಜೊಲ್ಲಿತ್ತು. ಅವನು ಮುಖ ಕಿವುಚಿದ. "ಅಲ್ಲಮ್ಮ, ಅದು ಅವರ ಎಂಜಲು..."

ಈ ಸಲದ ಅಸಹ್ಯ ನಾಟಕವಾಗಿರಲಿಲ್ಲ.

ಉಳಿದದ್ದನ್ನು ನಾನು ಕುಡಿದೆ, ಮಾವನ ಮುಖ ನೋಡುತ್ತ, ತಳದವರೆಗೆ. ಒಳಗೆ ಹೋಗಿ ಬಕೆಟ್ಟನ್ನೂ ನೀರಿನ ಚೊಂಬನ್ನೂ ತಂದು, ಆ ಕುರ್ಚಿಗಳ ಎದುರೇ ಅವರ ಕಾಲ ಬಳಿ ಇಟ್ಟೆ.

"ನಿಮ್ಮದು ಯಾವುದೂ ನಂಗೆ ಹೇಸಿಗೆ ಅಲ್ಲ ಮಾವ. ನಾನು ಎತ್ತುತೀನಿ. ಕುಡೀರಿ."

ಮಾವ ಬಕೆಟ್ಟನ್ನು ಸುಮಾರು ಹೊತ್ತು ನೋಡಿದರು. ಆಮೇಲೆ ಚೊಂಬಿನತ್ತ ಹೊರಳಿ ಬಾಯಿ ತೆರೆದರು.