ಕೆಂಪು ಗುಂಡಿ ಒತ್ತದ ಅತ್ತೆ

ಅತ್ತೆಗೆ ಓಣಿಯವರು ಇಟ್ಟ ಅಡ್ಡಹೆಸರು ಇನ್‌ಸ್ಪೆಕ್ಟರ್. ಡಬ್ಬಿಯ ಸಕ್ಕರೆ ಒಂದು ಚಮಚ ಕಡಿಮೆಯಾದರೂ ಅವರಿಗೆ ಗೊತ್ತಾಗುತ್ತಿತ್ತು. ಇಂಥವರ ಕಣ್ಣೆದುರೇ ಕೂತು ಸೊಸೆ ಇಡೀ ಪ್ರಪಂಚದ ಕಾಡಿನ ಲೆಕ್ಕ ನೋಡಬೇಕಾಗಿತ್ತು.

ಕೆಲಸ ಹೇಳುವುದಕ್ಕೆ ಸುಲಭ. ಉಪಗ್ರಹ ತೆಗೆದ ಎರಡು ಚಿತ್ರಗಳು ಲ್ಯಾಪ್‌ಟಾಪಿನಲ್ಲಿ ಬರುತ್ತವೆ. ಜಾಗ ಒಂದೇ, ಎಡಗಡೆ ಹೋದ ವರ್ಷದ್ದು, ಬಲಗಡೆ ಈ ವರ್ಷದ್ದು. ನಡುವಿನ ಹಳದಿ ಚೌಕದೊಳಗೆ ಕಾಡು ಉಳಿದಿದ್ದರೆ ಹಸಿರು ಗುಂಡಿ, ಹೋಗಿದ್ದರೆ ಕೆಂಪು ಗುಂಡಿ. ಎಷ್ಟೋ ಜನ ಎಲ್ಲೆಲ್ಲೋ ಕೂತು ಒತ್ತಿದ್ದು ಸೇರಿ ಜಗತ್ತಿನ ಕಾಡಿನ ನಕ್ಷೆಯಾಗುತ್ತದೆ. ನಡುನಡುವೆ ಉತ್ತರ ಮೊದಲೇ ಗೊತ್ತಿರುವ ಚೌಕಗಳನ್ನೂ ತೂರಿಸಿರುತ್ತಾರೆ. ಅವು ತಪ್ಪಿದರೆ ಕೆಲಸಕ್ಕೆ ಕುತ್ತು. ಹೆರಿಗೆಯಾದ ಮೇಲೆ ಅಲೆದು ಅಲೆದು ಹಿಡಿದ ಕೆಲಸವದು. ರಾತ್ರಿಯಿಡೀ ಮಗು ಜಾಗರಣೆ ಮಾಡಿಸಿದರೂ ಬೆಳಗಾದರೆ ಸೊಸೆ ಹಲ್ಲು ಕಚ್ಚಿ ಕೂರುತ್ತಿದ್ದಳು.

ಅತ್ತೆ ಮೊಮ್ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಪಕ್ಕದಲ್ಲೇ ಇರುತ್ತಿದ್ದರು. ಸುಮ್ಮನೆ ಕೂತರೆ ಇನ್‌ಸ್ಪೆಕ್ಟರ್ ಹೇಗಾದಾರು? "ಅಯ್ಯೋ, ಇದೂ ಹೋಯ್ತಾ? ಎಷ್ಟು ಚೆನ್ನಾಗಿತ್ತಲ್ಲೇ!" ಎಂದು ಪ್ರತಿ ಕೆಂಪಿಗೂ ಲೊಚಗುಟ್ಟುತ್ತಿದ್ದರು.

ಒಂದು ದಿನ ಊಟವಾದ ಮೇಲೆ ಸೊಸೆ ಮಗುವಿಗೆ ಹಾಲು ಕುಡಿಸುತ್ತಾ ಹಾಗೇ ನಿದ್ದೆ ಹೋದಳು. ಎದ್ದಾಗ ಮೈಮೇಲೆ ಹೊದಿಕೆ ಇತ್ತು. ಆ ದಿನದ ಚೌಕಗಳೆಲ್ಲ ಮುಗಿದಿದ್ದವು.

"ನಾನೇ ಒತ್ತಿ ಮುಗಿಸ್ದೆ," ಎಂದರು ಅತ್ತೆ, ಬಟ್ಟೆ ಮಡಚುತ್ತಾ. "ದಿನಾ ನೋಡ್ತೀನಲ್ಲ, ಅದೇನು ಬ್ರಹ್ಮವಿದ್ಯೆನಾ?"

ಸೊಸೆ ಲ್ಯಾಪ್‌ಟಾಪಿನತ್ತ ಧಾವಿಸಿದಳು. ತೆರೆದು ನೋಡುವಷ್ಟರಲ್ಲಿ ಮೇಲ್ವಿಚಾರಕಿಯ ಫೋನು ಬಂತು.

"ಏನಮ್ಮಾ ಇದು? ಎಲ್ಲಾದಕ್ಕೂ ಹಸಿರು! ಕಡಿದು ಬೋಳಾಗಿರೋ ಗುಡ್ಡಕ್ಕೂ ಕಾಡಿದೆ ಅಂದಿದೀರಿ. ನೋಡ್ದೇ ಒತ್ತಿದ್ರಾ?"

ಅತ್ತೆಯ ಕೈಯಲ್ಲಿ ಮಗುವಿನ ಅಂಗಿ ಅರ್ಧ ಮಡಚಿದ್ದು ಹಾಗೇ ನಿಂತಿತು. ಸೊಸೆ ಅದನ್ನು ನೋಡಿದಳು.

"ನನ್ನದೇ ತಪ್ಪು ಮೇಡಂ. ನಿದ್ದೆಗಣ್ಣಲ್ಲಿ ಒತ್ತಿಬಿಟ್ಟೆ."

"ಸಂಜೆಯೊಳಗೆ ಎಲ್ಲಾ ಮತ್ತೆ ನೋಡಿ ಕಳಿಸಿ. ಆಗಲೂ ತಪ್ಪಾದ್ರೆ ನಾನೇನೂ ಮಾಡೋಕಾಗಲ್ಲ."

ಫೋನಿಟ್ಟ ಮೇಲೆ ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. "ಯಾಕತ್ತೆ? ಕೆಂಪು ಯಾವಾಗ ಒತ್ತಬೇಕು ಅಂತ ನಿಮಗೆ ಗೊತ್ತಿತ್ತಲ್ಲ!"

"ಗೊತ್ತಿತ್ತು. ಕೈ ಬರಲಿಲ್ಲ ಕಣೇ." ಅತ್ತೆಯ ದನಿ ಇಷ್ಟು ಸಣ್ಣದಾಗಿದ್ದನ್ನು ಸೊಸೆ ಕೇಳಿಯೇ ಇರಲಿಲ್ಲ. "ನಾವೇ ಹೋಯ್ತು ಅಂದುಬಿಟ್ರೆ ಅದರ ಕಥೆ ಮುಗೀತಲ್ಲ. ಇದೆ ಅಂದ್ರೆ ಯಾರಾದ್ರೂ ಕಾಪಾಡ್ತಾರೇನೋ ಅನ್ನಿಸ್ತು."

"ಇದೆ ಅಂದ್ರೆ ಯಾರೂ ಆ ಕಡೆ ತಿರುಗಿನೂ ನೋಡಲ್ಲ ಅತ್ತೆ. ಕಡಿದವನು ಆರಾಮಾಗಿ ಪಕ್ಕದ ಕಾಡಿಗೂ ಕೈ ಹಾಕ್ತಾನೆ."

ಅತ್ತೆಯ ಮುಖ ಕಪ್ಪಿಟ್ಟಿತು. ಸಕ್ಕರೆಗೆ ಬಂದ ಇರುವೆಯನ್ನೂ ಬಿಡದ ಹೆಂಗಸು, ಕಾಡು ಕದ್ದವರನ್ನು ಸಾಲುಸಾಲಾಗಿ ಬಿಟ್ಟು ಕಳಿಸಿದ್ದರು! ಮಗುವನ್ನು ಹೆಗಲಿಗೆ ಹಾಕಿಕೊಂಡು ಸೊಸೆಯ ಪಕ್ಕ ಕುರ್ಚಿ ಎಳೆದುಕೊಂಡರು.

ಸಂಜೆಯವರೆಗೂ ಇಬ್ಬರೂ ಒಂದೊಂದೇ ಚೌಕ ಮತ್ತೆ ನೋಡಿದರು. ಕೊನೆಯ ಚೌಕ ಬಂತು. ಎಡಗಡೆ ದಟ್ಟ ಕಾಡು, ಬಲಗಡೆ ಬರೀ ಮಣ್ಣು ಮತ್ತು ಲಾರಿ ಓಡಾಡಿದ ದಾರಿ. ಈಗ ಸೊಸೆಯ ಬೆರಳೇ ತಡೆದು ನಿಂತಿತು. ಇಷ್ಟು ದಿನ ಪಟಪಟ ಒತ್ತುತ್ತಿದ್ದವಳು ಎಡಗಡೆಯ ಕಾಡನ್ನೇ ನೋಡುತ್ತಾ ಕೂತಳು.

"ಮುಂದೆ ಇಲ್ಲಿ ಮತ್ತೆ ಕಾಡು ಬೆಳೆದ್ರೆ?" ಎಂದರು ಅತ್ತೆ ಮೆಲ್ಲಗೆ.

"ಪ್ರತಿ ವರ್ಷ ನೋಡ್ತೀವಲ್ಲ. ಬೆಳೆದಾಗ ಹಸಿರು ಒತ್ತಬಹುದು."

"ಹಾಗಿದ್ರೆ ಈಗ ಕೆಂಪು ಒತ್ತು."

ಒತ್ತಿದಳು. ಸ್ವಲ್ಪ ಹೊತ್ತಿಗೆ ಮೇಲ್ವಿಚಾರಕಿಯ ಮೆಸೇಜು ಬಂತು: ಎಲ್ಲ ಸರಿಯಿದೆ, ನಾಳೆ ಮುಂದುವರಿಸಿ. ಸೊಸೆ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ಅತ್ತೆ ಅವಳ ಬೆನ್ನು ಸವರಿದರು. ಆಮೇಲೆ ಎದ್ದು, ಮಗುವಿನ ಹಾಸಿಗೆ ಸುತ್ತಿ ತಮ್ಮ ಕೋಣೆಗೆ ಒಯ್ದರು.

"ಇವತ್ತಿಂದ ರಾತ್ರಿ ಇವಳು ನನ್ನ ಹತ್ರ. ಹಸಿದಾಗ ಮಾತ್ರ ನಿನ್ನನ್ನ ಎಬ್ಬಿಸ್ತೀನಿ," ಎಂದು ಒಳಗಿನಿಂದಲೇ ಗದರಿದರು. "ಕಳ್ಳರನ್ನ ಹಿಡಿಯೋಳು ತೂಕಡಿಸಬಾರದು."