ಏಳು ಕೆಂಪು ಸಾಲು

ಲೋಕಲ್ ರೈಲಿನಲ್ಲಿ ಎದುರಿನ ಸೀಟಿನ ಹೆಂಗಸಿನ ಬಾಟಲಿಗೆ ಕೆಂಪು ಮುಚ್ಚಳ, ಬೇಡ, ಆ ಬಣ್ಣವೇ ಬೇಡ, ಶಿರೀನ್ ಮುಖ ಹೊರಳಿಸಿದಳು, ಕಿಟಕಿಯಲ್ಲಿ ವಿಕ್ರೋಳಿ ಹಿಂದೆ ಸರಿಯಿತು, ಆಫೀಸೂ ಅದರ ಜೊತೆ ಸರಿದುಹೋಗಲಿ — ಎಲ್ಲಿ ಹೋಗುತ್ತದೆ, ಕಣ್ಣು ಮುಚ್ಚಿದರೆ ಅದೇ ಪರದೆ, ಅದೇ ಏಳು ಕೆಂಪು ಸಾಲು, ಅಮೀರಸಾಬ, ಬೈಕುಲ್ಲಾ, ಆಕ್ಸಿಜನ್ ಸಿಲಿಂಡರ್ ಒಂದು, ತುರ್ತು. ಆ್ಯಪ್ ಸರ್ವರಿಗೆ ಕಳಿಸುವ ಕೋರಿಕೆ, ಎಪಿಐ ವಿನಂತಿ, ದಿನಕ್ಕೆ ಒಂದು ಲಕ್ಷ, ಅಷ್ಟೇ, ಸರ್ವರ್ ಬಾಡಿಗೆಗೆ ಕೊಟ್ಟ ಕ್ಲೌಡ್ ಕಂಪನಿಯವರ ಕರಾರು. ರೋಗಿ ಆ್ಯಪ್‌ನಲ್ಲಿ ಸಿಲಿಂಡರ್ ಕೇಳಿದರೂ ಒಂದು, ಡ್ರೈವರ್ ವಿಳಾಸ ನೋಡಿದರೂ ಒಂದು, ಸಾಹೇಬರ ರಿಪೋರ್ಟ್ ತಾನಾಗಿ ಹೊಸದಾದರೂ ಒಂದು, ಲಕ್ಷ ಮುಗಿದರೆ ನಾಳೆಯವರೆಗೆ ಬಾಗಿಲು ಬಂದ್. ಅದಕ್ಕೇ ಅವಳು ತುರ್ತಿಗೆಂದು ಐದು ಸಾವಿರ ತೆಗೆದಿಡುತ್ತಿದ್ದಳು, ಯಾರೂ ಹೇಳಿಕೊಟ್ಟದ್ದಲ್ಲ, ಕುರ್ಲಾದ ಚಾಳಿನಲ್ಲಿ ಕಲಿತದ್ದು, ಬೆಳಗ್ಗೆ ಅರ್ಧ ಗಂಟೆ ನಳ, ಅಮ್ಮಿ ಒಂದು ಕೊಡ ತುಂಬಿ ತಟ್ಟೆ ಮುಚ್ಚಿ ಮೂಲೆಗಿಡುತ್ತಿದ್ದಳು — ಅದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ, ಯಾರಿಗೆ ಯಾವಾಗ ಏನಾಗತೈತೋ — ಅಬ್ಬಾ ಕೇಳಿದರೂ ಕೊಡಲಿಲ್ಲ ಅಮ್ಮಿ.

ಇವಳು ಕೊಟ್ಟಳು. ಮೂರು ಗಂಟೆಗೆ ಅನಿಕೇತ್ ಸಾಹೇಬರು ಕುರ್ಚಿಯ ಹಿಂದೆ ನಿಂತರು, ದೊಡ್ಡ ಗಿರಾಕಿಗಳು ಬಂದಿದ್ದಾರೆ, ರಿಪೋರ್ಟ್ ಲೈವ್ ತೋರಿಸಬೇಕು, ಅರೇ ಶಿರೀನ್, ವೋ ರಿಜರ್ವ್ ಖೋಲ್ ದೋ ನಾ, ಏಕ್ ಘಂಟೇ ಕೀ ಬಾತ್ ಹೈ, ಆ ತೆಗೆದಿಟ್ಟ ಐದು ಸಾವಿರ ಬಿಟ್ಟುಬಿಡು, ಒಂದೇ ಗಂಟೆಯ ಮಾತಂತೆ, ಮುಂದಿನ ವಾರ ಅವಳ ಕೆಲಸ ಖಾಯಂ ಆಗುವುದಿತ್ತು, ಆಗಲ್ಲ ಸರ್ ಎನ್ನಲು ಹೋಗಿ ಬಾಯಿಂದ ಬಿದ್ದದ್ದು ಆಯ್ತು ಸರ್, ನಕ್ಕಳು ಬೇರೆ, ಹಾಳಾದ ನಗು. ಗೋಡೆಯ ಪರದೆಯಲ್ಲಿ ಹತ್ತಾರು ಗ್ರಾಫ್ ಕ್ಷಣಕ್ಷಣಕ್ಕೂ ಕುಣಿದವು, ಗಿರಾಕಿಗಳು ತಲೆದೂಗಿದರು, ನಾಲ್ಕಕ್ಕೆ ಲಕ್ಷ ತುಂಬಿತು. ನಾಲ್ಕು ಹತ್ತಕ್ಕೆ ಅಮೀರಸಾಬರ ಮೊದಲ ಕೆಂಪು ಸಾಲು: ಇಂದಿನ ಮಿತಿ ಮುಗಿದಿದೆ. ಅವಳು ನೋಡಿದ್ದು ಐದಕ್ಕೆ, ಆಗ ಚಹಾ ಕುಡಿಯುತ್ತಿದ್ದಳು, ಯಾ ಅಲ್ಲಾ, ಚಹಾ. ಫೋನ್ ಮಾಡಬಹುದಿತ್ತಲ್ಲ ಅವರು, ಎಂದರು ಸಾಹೇಬರು, ಯಾವ ನಂಬರಿಗೆ, ಆ್ಯಪ್‌ನಿಂದ ಆಫೀಸಿನ ನಂಬರ್ ತೆಗೆಸಿದ್ದು ಯಾರು. ಕೊನೆಗೆ ಇವಳೇ ಅವರಿಗೆ ಫೋನ್ ಮಾಡಿದಳು, ಎತ್ತಿದ್ದು ಅಮೀರಸಾಬರ ಸೊಸೆ ದಿಲನಾಜ, ಊರ ಕಡೆಯ ಮಾತು — ಈಗ್ಯಾಕ್ರಿ ಸಿಲಿಂಡರ್, ನಮ್ಮ ಮಾವಾರು ಹ್ವಾದ್ರು, ನಾ ಔಷಧ ತರಾಕ ಹೋಗಿದ್ದೆ, ಬರೂದ್ರಾಗ ಮುಗದಿತ್ತು, ಫೋನ್ ಅವ್ರ ಕೈಯಾಗ ಹಂಗ ಇತ್ತು.

ಕುರ್ಲಾ ಬಂತು, ಜನ ಇಳಿದರು, ಅವಳು ಏಳಲಿಲ್ಲ, ಬೈಕುಲ್ಲಾವರೆಗೆ ಹೋಗಬೇಕು, ಹೋಗಿ ಏನನ್ನಬೇಕು, ಮುಚ್ಚಿಟ್ಟದ್ದನ್ನು ನಾನೇ ಚೆಲ್ಲಿದೆ ಎನ್ನಲೇ, ಅಮೀರಸಾಬರ ಆ ಬೆರಳು ಒತ್ತಿತು, ಕಾಯಿತು, ಒತ್ತಿತು, ನಾಲ್ಕು ಹತ್ತು, ಹನ್ನೆರಡು, ಹದಿನಾಲ್ಕು, ಹದಿನಾರು, ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು, ಅದರ ಕೆಳಗೆ ಸಾಲಿಲ್ಲ.