ಬಂದ ಉದ್ದೇಶ

"ಮನೆಗೆ ಬಂದೆ," ಎಂದಳು ರೆಂತಿ.

ಗಾಜಿನ ಹಿಂದಿದ್ದ ಅಧಿಕಾರಿಯ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು. ಅವನ ಹಣೆಯ ಮೇಲೆ ಬೆಳಗಿನ ಪೂಜೆಯ ಅಕ್ಕಿಕಾಳು ಇನ್ನೂ ಅಂಟಿಕೊಂಡಿತ್ತು. ಎದೆಯ ಪಟ್ಟಿಯಲ್ಲಿ ಕೊಮಾಂಗ್ ವೀರ್ತ ಎಂಬ ಹೆಸರು. ಅವಳ ಡಚ್ ಪಾಸ್‌ಪೋರ್ಟನ್ನೂ ಮುಖವನ್ನೂ ಮತ್ತೊಮ್ಮೆ ನೋಡಿದ.

"ಅದಲ್ಲ ಅಕ್ಕಾ. ಬಾಲಿಗೆ ಬಂದ ಉದ್ದೇಶ? ಪ್ರವಾಸನಾ, ನೆಂಟರನ್ನ ನೋಡೋಕಾ?"

"ನಮ್ಮವ್ವ ತೀರಿಕೊಂಡಿದ್ದಾಳೆ. ನಾಳೆ ಸುಡ್ತಾರೆ."

"ವಾಪಸ್ ಟಿಕೆಟ್?"

"ಮನೆಗೆ ಬರೋರು ಯಾರಾದ್ರೂ ವಾಪಸ್ ಟಿಕೆಟ್ ತರ್ತಾರಾ?"

ಹಾಗೆ ಹೇಳಬಾರದಿತ್ತು. ವಿಮಾನದಲ್ಲಿ ಜೊತೆಗಿದ್ದವರೆಲ್ಲ 'ರಜಾ' ಎಂಬ ಒಂದೇ ಮಾತಿನಲ್ಲಿ ದಾಟಿಹೋಗಿದ್ದರು. ಆದರೆ ಅವನು ಊರ ಭಾಷೆಯಲ್ಲಿ ಕೇಳಿದ್ದ. ಆ ಭಾಷೆಯಲ್ಲಿ ಅವಳಿಗೆ ಸುಳ್ಳು ಬರುತ್ತಿರಲಿಲ್ಲ.

ಅವಳನ್ನು ಪಕ್ಕದ ಕೋಣೆಯಲ್ಲಿ ಕೂರಿಸಿದರು. ತೆರೆದ ಬಾಗಿಲಿನಿಂದ ಸಾಲು ಕಾಣುತ್ತಿತ್ತು. ಅಂಗಿ ಹೆಗಲ ಮೇಲೆ ಹಾಕಿಕೊಂಡ ಪ್ರವಾಸಿ ಹುಡುಗನೊಬ್ಬ ತೂರಾಡುತ್ತಾ ಬಂದ. ಅವನ ಪಾಸ್‌ಪೋರ್ಟ್ ಕೆಳಗೆ ಬಿತ್ತು. ಸಮವಸ್ತ್ರದವನೇ ಬಗ್ಗಿ ಎತ್ತಿಕೊಟ್ಟ, ನಕ್ಕ. ಠಪ್ಪೆಂದು ಮುದ್ರೆ ಬಿತ್ತು.

ದ್ವೀಪದ ಸಂಸ್ಕೃತಿ ಉಳಿಸಲೆಂದು ಹೊರಗಿನವರು ಕಟ್ಟುವ ತೆರಿಗೆಯನ್ನು ರೆಂತಿಯೂ ಕಟ್ಟಿದ್ದಳು. ಯಾರ ಸಂಸ್ಕೃತಿಯನ್ನು ಯಾರಿಂದ ಉಳಿಸುವುದು ಎಂದು ಕೇಳೋಣವೆಂದರೆ ದುಡ್ಡು ಕಟ್ಟುವಲ್ಲಿ ಮನುಷ್ಯರಿರಲಿಲ್ಲ, ಯಂತ್ರವಿತ್ತು.

ವೀರ್ತ ಒಳಗೆ ಬಂದ. "ಈ ವೀಸಾದಲ್ಲಿ ಮನೆಗೆ ಬರೋಕಾಗಲ್ಲ ಅಕ್ಕಾ. ಬಂದೋರು ಹೋಗ್ಬೇಕು. ಹೋಗ್ತೀನಿ ಅನ್ನೋಕೆ ಟಿಕೆಟ್ ಬೇಕು. ಇಳ್ಕೊಳ್ಳೋ ಮನೆಯವರ ಮಾತು ಬೇಕು. ಇಲ್ದಿದ್ರೆ ಸಂಜೆ ವಿಮಾನಕ್ಕೆ ಹತ್ತಿಸ್ತಾರೆ."

"ತಮ್ಮಾ, ನನ್ನ ಹೊಕ್ಕುಳಬಳ್ಳಿ ನಮ್ಮನೆ ಬಾಗಿಲ ಎಡಕ್ಕೆ ಹೂತಿದೆ."

"ನಂದೂ ಹೂತಿದೆ, ಗಂಡುಮಗು ಅಂತ ಬಲಕ್ಕೆ. ಅದನ್ನ ಕಂಪ್ಯೂಟರಲ್ಲಿ ಎಲ್ಲಿ ಹಾಕ್ಲಿ, ಹೇಳು?"

ಅವಳು ಅವನ ಕೈಲಿದ್ದ ತನ್ನ ಪಾಸ್‌ಪೋರ್ಟ್ ನೋಡಿದಳು. ಡಚ್ ಪಾಸ್‌ಪೋರ್ಟ್ ಸಿಗಬೇಕಾದರೆ ಇಲ್ಲಿಯದನ್ನು ಒಪ್ಪಿಸಬೇಕಾಗಿತ್ತು. ಎರಡನ್ನೂ ಇಟ್ಟುಕೊಳ್ಳಲು ಇಲ್ಲಿಯ ಕಾನೂನು ಬಿಡುವುದಿಲ್ಲ. ಆಗ ಗಂಡ ಹೆಂಡ್ರಿಕ್ ಇದ್ದ. ಹೋದ ಚಳಿಗಾಲದಲ್ಲಿ ಅವನು ಸತ್ತ. ಮರಳಿ ಹೋಗಲು ಅಲ್ಲಿ ಏನೂ ಉಳಿದಿರಲಿಲ್ಲ.

ವೀರ್ತ ಅವಳ ಅಣ್ಣನಿಗೆ ಫೋನು ಹಚ್ಚಿ ಮೇಜಿನ ಮೇಲಿಟ್ಟ. ಆ ತುದಿಯಲ್ಲಿ ಕಂಚಿನ ವಾದ್ಯಗಳ ಸದ್ದು.

"ನ್ಯೋಮನ್ ರೆಂತಿ ಅನ್ನೋರು ನಿಮ್ಮನೆಗೆ ಏನಾಗ್ಬೇಕು?"

ಅಣ್ಣ ವಯನ್ ತಡೆದು ಹೇಳಿದ. "ಅತಿಥಿ. ಮದುವೆಯಾದಾಗ ಮನೆದೇವರ ಗುಡೀಲಿ ಅಪ್ಪಣೆ ತಗೊಂಡು ಹೊರಗೆ ಹೋದವಳು. ಕಾರ್ಯ ಮುಗಿದ ಮೇಲೆ ಹೊರಟುಹೋಗ್ತಾಳೆ."

"ನೋಡಿದ್ಯಾ?" ವೀರ್ತ ಹಗುರಾದ. "ಮೊದಲೇ ನೀನೇ ಹೀಗಂದಿದ್ರೆ ಇಷ್ಟೊತ್ತಿಗೆ ಊರಲ್ಲಿರ್ತಿದ್ದೆ."

ಅಲ್ಲೇ ಕೂತು ಫೋನಿನಲ್ಲಿ ಸಿಂಗಪುರಕ್ಕೊಂದು ಟಿಕೆಟ್ ಕೊಂಡಳು. ಹೊರಡುವ ಟಿಕೆಟ್ ತೋರಿಸಿದ ಮೇಲೆ ಒಳಗೆ ಬಿಟ್ಟರು.

ಕರಂಗಾಸೆಮ್ ಕಡೆಯ ಊರು ಮುಟ್ಟುವಾಗ ಸಂಜೆಯಾಗಿತ್ತು. ಅಂಗಳದ ತುಂಬ ಕೇರಿಯವರು. ಉತ್ತರದ ಕೋಣೆಯಲ್ಲಿ ಅವ್ವ, ಬಿಳಿಬಟ್ಟೆಯಲ್ಲಿ. ವಯನ್ ಎದುರು ಬಂದು ಅವಳ ಚೀಲ ಇಸಿದುಕೊಂಡ. ಬಾಗಿಲ ಪಕ್ಕದ ಕಟ್ಟೆ ತೋರಿಸಿದ. ಬೇರೆ ಊರಿನವರು ಕೂರುವ ಕಟ್ಟೆ ಅದು.

"ಕೂತ್ಕೋ. ದಣಿದು ಬಂದಿದ್ದೀಯ."

"ಅಣ್ಣ, ನಾನು ಅತಿಥೀನಾ?"

"ಹಾಗನ್ನದೆ ಇದ್ದಿದ್ರೆ ಅವನು ಬಿಡ್ತಿದ್ನಾ ಹುಚ್ಚೀ?"

"ಅವನಿಗೆ ಹೇಳಿದ್ದಾಯ್ತು. ಈಗ ನನಗೆ ಹೇಳು."

ವಯನ್ ಗುಡಿಯ ಕಡೆ ನೋಡಿದ, ಕೇರಿಯ ಹಿರಿಯರ ಕಡೆ ನೋಡಿದ. "ಗಂಡ ಸತ್ತು ಬಂದವಳನ್ನ ಮತ್ತೆ ಒಳಗೆ ತಗೋಬೇಕಂದ್ರೆ ಅದಕ್ಕೂ ಶಾಸ್ತ್ರ ಇದೆ. ಕೇರಿಯವರು ಕೂತು ಮಾತಾಡ್ಬೇಕು. ನಾಳೆ ಕಳೀಲಿ."

"ಅಲ್ಲೂ ಸಾಲು, ಇಲ್ಲೂ ಸಾಲು. ಇಲ್ಲಿ ಮುದ್ರೆ ಒತ್ತೋನು ನೀನಾ?"

"ಮೆತ್ತಗೆ ಮಾತಾಡು. ಜನ ಕೇಳ್ತಾರೆ."

"ಕೇಳ್ಲಿ."

ಅತ್ತಿಗೆ ತಟ್ಟೆ ಹಿಡಿದು ಬಂದಳು. ಕಾಫಿ, ಎಲೆಯಲ್ಲಿ ಸುತ್ತಿದ ಅಕ್ಕಿಯ ಕಡುಬು. ತಟ್ಟೆಯನ್ನು ರೆಂತಿಯ ಮುಂದಿಟ್ಟು, ತಲೆ ತಗ್ಗಿಸಿ, ಪರರಿಗೆ ಹೇಳುವ ಹಾಗೆ "ತಗೊಳ್ಳಿ" ಎಂದಳು.

ರೆಂತಿ ತಟ್ಟೆ ಎತ್ತಿ ಕಟ್ಟೆಯ ಮೇಲೆ ಪಕ್ಕದಲ್ಲಿದ್ದ ಮುದುಕನ ಮುಂದಿಟ್ಟಳು. ಚಪ್ಪಲಿ ಕಳಚಿದಳು. ಅಂಗಳ ದಾಟಿ ಅಡಿಗೆಮನೆಯ ಜಗುಲಿಗೆ ನಡೆದಳು. ಹೆಂಗಸರು ನಾಳೆಯ ನೈವೇದ್ಯಕ್ಕೆ ತೆಂಗಿನ ಎಳೆಗರಿ ಕೊಯ್ಯುತ್ತಿದ್ದರು. ಅವಳು ಬರುವುದನ್ನು ಕಂಡು ಮಾತು ನಿಂತಿತು. ಯಾರೂ ಕರೆಯಲಿಲ್ಲ. ಅವಳು ಕೇಳಲೂ ಇಲ್ಲ. ಕುಕ್ಕರುಗಾಲಲ್ಲಿ ಕೂತು ಬಿದ್ದಿದ್ದ ಕತ್ತಿ ತೆಗೆದುಕೊಂಡಳು.

ಆಮೇಲೆ ಮೂಲೆಯ ಅಜ್ಜಿಯೊಬ್ಬಳು ಮುಖ ಎತ್ತದೆ ತನ್ನ ಚಾಪೆಯನ್ನು ಸ್ವಲ್ಪ ಆಚೆ ಸರಿಸಿಕೊಂಡಳು. ತನ್ನೆದುರಿಗಿದ್ದ ಗರಿಯ ರಾಶಿಯಲ್ಲಿ ಅರ್ಧವನ್ನು ಮೊಣಕೈಯಿಂದ ರೆಂತಿಯತ್ತ ತಳ್ಳಿದಳು.